ವ್ಯಾನಿನವಳಿಗೆ ಒಂದು ಕೋಣೆ

ಜನವರಿ 9

ಮಗನೇ,

ನೀನು ಕಳಿಸಿದ ಪುಸ್ತಕ ಬಂತು. ನೀನು ಚರ್ಚಲ್ಲಿ ಮಾಡಿದ ಪ್ರಸಂಗ ಅಚ್ಚಾಗಿರೋದು ನೋಡಿ, ಇವತ್ತು ನಿಮ್ಮಪ್ಪ ಇರಬೇಕಿತ್ತು ಅನ್ನಿಸ್ತು. ಫೋನ್ ಮಾಡೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು ‘ಹ್ಞೂ ಅಮ್ಮ, ಹ್ಞೂ’ ಅಂತ ಇನ್ನೇನೋ ಓದ್ತಾ ಇರ್ತೀಯ. ಕಾಗದ ಆದರೆ ಕೊನೇತನಕ ಓದಲೇಬೇಕು.

ಸೆರೆಮನೇಲಿರೋರನ್ನ ನೋಡೋಕೆ ಹೋಗಬೇಕು ಅಂತ ಬರೆದಿದೀಯಲ್ಲ, ಅದನ್ನ ಮೂರು ಸಲ ಓದಿದೆ. ‘ಬೆಂಚು ಬಿಟ್ಟು ಏಳದ ನಂಬಿಕೆ, ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆ’ ಅಂದಿದೀಯ. ದರ್ಜಿ ಹೆಂಗಸಿನ ಮಗ ಅನ್ನೋದು ಗೊತ್ತಾಗುತ್ತೆ ಬಿಡು. ಅದನ್ನ ಓದಿದ ಭಾನುವಾರವೇ ನಮ್ಮ ಸಭೇಲಿ ಒಂದು ಹಾಳೆ ಓಡಾಡ್ತು. ಜೈಲಿನ ಹೆಂಗಸರಿಗೆ ಹೊಲಿಗೆ ಕಲಿಸೋಕೆ ಜನ ಬೇಕಂತೆ. ಎಲ್ಲರೂ ಅದನ್ನ ಬಿಸಿ ಪಾತ್ರೆ ಥರ ಪಕ್ಕದವರಿಗೆ ದಾಟಿಸ್ತಾ ಬಂದ್ರು. ನಂದು ಕೊನೇ ಬೆಂಚು. ದಾಟಿಸೋಣ ಅಂದ್ರೆ ಪಕ್ಕದಲ್ಲಿ ಗೋಡೆ. ಹೆಸರು ಬರೆದುಬಿಟ್ಟೆ.

ನಗಬೇಡ. ಸಭೇಲಿ ಬಾಯಿಬಿಟ್ಟು ಒಂದು ಪ್ರಾರ್ಥನೆ ಮಾಡಿದವಳಲ್ಲ ನಾನು. ಮಂಗಳವಾರ ಆ ದೊಡ್ಡ ಗೇಟಿನ ಮುಂದೆ ನಿಂತಾಗ ವಾಪಸ್ ಹೋಗೋ ಬಸ್ಸು ಎಷ್ಟೊತ್ತಿಗೆ ಅಂತ ಎರಡು ಸಲ ಕೇಳಿದೆ. ಒಳಗೆ ಹೋಗ್ತಿದ್ದ ಹಾಗೆ ನನ್ನ ಕತ್ತರಿ ತಗೊಂಡು ಇಟ್ಕೊಂಡ್ರು. ‘ಬಟ್ಟೇನ ಹಲ್ಲಲ್ಲಿ ಕತ್ತರಿಸಲಾ?’ ಅಂದೆ. ಕಾವಲಿನ ಮೇಟ್ರನ್ ನಗಲಿಲ್ಲ.

ಆರು ಮಿಷನ್ನು, ನಾಲ್ಕಕ್ಕೆ ಸೂಜಿ ಇಲ್ಲ. ಹನ್ನೊಂದು ಜನ ಹೆಂಗಸರು. ಒಬ್ಬಳು ಮಾತ್ರ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಬಟ್ಟೆ ಹಿಡಿಯೋದು ಹೀಗೆ ಅಂತ ತೋರಿಸೋಕೆ ಹತ್ರ ಹೋದೆ. ಮುಖ ಎತ್ತಿದಳು. ವ್ಯಾನಿನವಳು ಕಣೋ.

ನನ್ನ ಕೈ ತಾನಾಗೇ ಹಿಂದಕ್ಕೆ ಬಂತು. ಏನೂ ಹೇಳಿಕೊಡದೆ ಪಕ್ಕದ ಮಿಷನ್ನಿಗೆ ಹೋದೆ. ಸಂಗೀತದ ಟೀಚರಿಗೆ ಇನ್ನೂ ಹೇಳಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಯಾವಾಗಲೂ ಹೋಗೋ ಹಾಗೆ ಒಟ್ಟಿಗೇ ನಡ್ಕೊಂಡು ಮನೆಗೆ ಹೋದ್ವಿ. ಅವರು ಏನೇನೋ ಮಾತಾಡ್ತಿದ್ರು, ನನ್ನ ಕಿವಿಗೇ ಬೀಳಲಿಲ್ಲ.

ನಿನ್ನ ಅಮ್ಮ

*

ಜನವರಿ 20

ಪ್ರೀತಿಯ ಅಮ್ಮ,

ನಿನ್ನ ಪತ್ರವನ್ನು ಕೊನೇತನಕ ಓದಿದೆ, ಬೇರೇನೂ ಓದದೆ. ಎಷ್ಟು ಸಂತೋಷವಾಯಿತೆಂದರೆ, ಭಾನುವಾರ ಅದರ ಒಂದು ಭಾಗವನ್ನು ನಮ್ಮ ಸಭೆಯಲ್ಲೇ ಓದಿದೆ. ಕತ್ತರಿ ವಿಷಯಕ್ಕೆ ಎಲ್ಲರೂ ನಕ್ಕರು. ಆಮೇಲೆ ಒಬ್ಬ ಹಿರಿಯರು ಬಂದು, ‘ನಿಮ್ಮ ತಾಯಿ ದೊಡ್ಡವರು’ ಅಂದರು.

ಕೊನೆಯ ಭಾಗ ಓದಲಿಲ್ಲ. ಅಮ್ಮ, ಆ ಹೆಂಗಸಿನ ಮಿಷನ್ ಹತ್ತಿರ ನೀನು ಹೋಗಬೇಕಾಗಿಲ್ಲ. ಅವಳು ಫೋನ್ ಕೈಯಲ್ಲಿ ಹಿಡಿದು ಓಡಿಸಿದ್ದಕ್ಕೆ ಸ್ಕೂಲ್ ವ್ಯಾನ್ ಸೇತುವೆಯ ಕಟ್ಟೆಗೆ ಬಡಿದದ್ದು; ಟೀಚರ ಒಬ್ಬಳೇ ಮಗಳು, ಒಂಬತ್ತು ವರ್ಷದ ಗುಬ್ಬಿ, ಮನೆಗೆ ಬಾರದೆ ಹೋದದ್ದು. ಗುಬ್ಬಿಯ ಫ್ರಾಕುಗಳನ್ನೆಲ್ಲ ಹೊಲಿದವಳು ನೀನೇ. ಆ ಹೆಂಗಸನ್ನು ನೋಡಿಕೊಳ್ಳಲು ದೇವರಿಗೆ ಬೇರೆ ಜನರಿದ್ದಾರೆ. ಉಳಿದ ಹತ್ತು ಮಂದಿಗೆ ಕಲಿಸು, ಸಾಕು.

ಸ್ವೆಟರ್ ಹಾಕಿಕೋ. ಔಷಧಿ ಮರೆಯಬೇಡ.

ನಿನ್ನ ಮಗ

*

ಮಾರ್ಚ್ 3

ಮಗನೇ,

ಅವಳು ಗುಂಡಿಗೆ ಕಾಜ ಹೊಲಿಯೋದು ಕಲಿತಳು. ನನಗಿಂತ ಸಣ್ಣ ಹೊಲಿಗೆ. ಎರಡು ತಿಂಗಳಲ್ಲಿ ಅವಳು ನನ್ನನ್ನ ಕೇಳಿದ್ದು ಒಂದೇ ಮಾತು: ‘ನೀವು ಚರ್ಚ್ ರಸ್ತೆ ಟೈಲರ್ ಅಮ್ಮ ಅಲ್ವಾ?’ ಹೌದು ಅಂದೆ. ಆಮೇಲೆ ಅವಳು ತಲೆ ಎತ್ತಲಿಲ್ಲ.

ನಿಮ್ಮಪ್ಪ ಹೋದ ಮೇಲೆ ಮೊದಲನೇ ಸಲ ನಿನಗೆ ಹೇಳದೆ ಒಂದು ಕೆಲಸ ಮಾಡಿದೀನಿ. ಕೂತ್ಕೊಂಡು ಓದು.

ಏಪ್ರಿಲ್ಲಿಗೆ ಅವಳ ಶಿಕ್ಷೆ ಮುಗಿಯುತ್ತೆ, ಆರು ವರ್ಷ. ತಾಯಿ ಸತ್ತುಹೋದಳು. ಅವತ್ತು ಫೋನ್ ಬಂದಿದ್ದೂ ಆ ತಾಯಿನ ಆಸ್ಪತ್ರೆಗೆ ಸೇರಿಸಿದೀವಿ ಅಂತಲೇ. ಅಣ್ಣ ಮನೆಗೆ ಸೇರಿಸಲ್ಲ ಅಂತ ಬರೆದು ಕಳಿಸಿದಾನೆ. ಹೋದ ವಾರ ಜೈಲಿನ ಅಧಿಕಾರಿ ನಾವು ಕಲಿಸೋಕೆ ಹೋಗೋರನ್ನೆಲ್ಲ ಕೂರಿಸಿಕೊಂಡು, ‘ಇವಳಿಗೆ ಇರೋಕೆ ಒಂದು ಜಾಗ, ಮಾಡೋಕೆ ಒಂದು ಕೆಲಸ ಯಾರಾದರೂ ಕೊಡ್ತೀರಾ?’ ಅಂತ ಕೇಳಿದರು. ನಾಲ್ಕು ಜನ ಇದ್ವಿ. ನಾಲ್ವರೂ ನೆಲ ನೋಡಿದ್ವಿ. ಅಲ್ಲಿ ನೋಡೋಕೆ ಏನೂ ಇರಲಿಲ್ಲ, ಸಿಮೆಂಟು. ‘ನನ್ನ ಅಂಗಡಿ ಹಿಂದೆ ಒಂದು ಕೋಣೆ ಇದೆ’ ಅಂತ ಯಾರೋ ಅಂದರು. ನೋಡಿದರೆ ನಾನೇ.

ಸಹಿ ಹಾಕಿ ಬಂದಿದೀನಿ. ಬಂದಾಗಿನಿಂದ ಅನ್ನ ಸೇರ್ತಿಲ್ಲ.

ಒಂದು ಕೇಳ್ತೀನಿ, ಸರಿಯಾಗಿ ಹೇಳು. ನೀನು ಜೈಲಿಗೆ ಹೋದಾಗ ಮೊದಲ ಮಾತು ಹೇಗೆ ಶುರು ಮಾಡ್ತೀಯ? ನನಗಂತೂ ನೂಲು, ಸೂಜಿ ಬಿಟ್ಟು ಬೇರೆ ಮಾತೇ ಬರೋದಿಲ್ಲ. ನಿನಗೆ ಅನುಭವ ಇರುತ್ತಲ್ಲ.

ಅಮ್ಮ

*

ಮಾರ್ಚ್ 11

ಅಮ್ಮ,

ಬೇಡ. ದಯವಿಟ್ಟು ಆ ಸಹಿ ವಾಪಸ್ ತಗೋ. ಅಧಿಕಾರಿಗೆ ನಾನೇ ಬರೆಯುತ್ತೇನೆ. ವಯಸ್ಸಾಗಿದೆ, ಆರೋಗ್ಯ ಸರಿಯಿಲ್ಲ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಟೀಚರು ದಿನಾ ಪಾಠಕ್ಕೆ ಹೋಗುವ ದಾರಿಯಲ್ಲೇ ನಿನ್ನ ಅಂಗಡಿ ಇರೋದು. ಮಗಳನ್ನು ಕಳೆದುಕೊಂಡ ತಾಯಿ ದಿನಕ್ಕೆರಡು ಸಲ ಆ ಮುಖ ನೋಡಬೇಕಾ? ಅಪರಾಧಿಯನ್ನು ಪ್ರೀತಿಸುವ ಭರದಲ್ಲಿ ಗಾಯಗೊಂಡವರನ್ನು ಮರೆತರೆ ಅದು ಎಂಥ ಪ್ರೀತಿ? ಧೈರ್ಯ ಅಂದರೆ ಇನ್ನೊಬ್ಬರ ಹುಣ್ಣಿನ ಮೇಲೆ ಕಾಲಿಟ್ಟು ನಡೆಯೋದಲ್ಲ ಅಮ್ಮ.

ನಾನು ಪ್ರಸಂಗದಲ್ಲಿ ಹೇಳಿದ್ದು ಭೇಟಿಯ ಬಗ್ಗೆ. ಮನೆಗೆ ಕರೆದುಕೊಂಡು ಬರುವುದರ ಬಗ್ಗೆ ಅಲ್ಲ.

ಮಗ

*

ಏಪ್ರಿಲ್ 2

ಮಗನೇ,

ಟೀಚರ ವಿಷಯದಲ್ಲಿ ನೀನು ಬರೆದಿದ್ದು ಸರಿ. ಆದರೆ ಊರವರ ಬಾಯಿಂದ ಅವರಿಗೆ ಗೊತ್ತಾಗಬಾರದು ಅಂತ ನಿನ್ನೆ ನಾನೇ ಅವರ ಮನೆಗೆ ಹೋದೆ.

ಒಂದು ಮಗು ಪಿಯಾನೋ ಮೇಲೆ ಸರಿಗಮ ಒತ್ತುತ್ತಿತ್ತು, ಒಂದೇ ಕಡೆ ತಪ್ಪುತ್ತಿತ್ತು. ಅದು ಹೋಗೋವರೆಗೂ ಕಾದೆ. ಎಲ್ಲ ಹೇಳಿದೆ. ಟೀಚರು ಪಿಯಾನೋ ಮುಚ್ಚಳ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

‘ಅಕ್ಕ, ಈ ಊರಲ್ಲಿ ಇಷ್ಟೊಂದು ಮನೆ ಇದಾವೆ. ಅವಳಿಗೆ ನಿಮ್ಮ ಮನೇನೇ ಬೇಕಾಗಿತ್ತಾ?’

‘ಯಾರೂ ಬಾಯಿ ಬಿಡಲಿಲ್ಲ ಟೀಚರ್.’

‘ನೀವೂ ಬಿಡಬಾರದಿತ್ತು.’

‘ನೀವು ಬೇಡ ಅಂದ್ರೆ...’ ಅಂದೆ. ಅದು ಹೇಳಬಾರದ ಮಾತು. ಅವರಿಗೆ ಎಷ್ಟು ಸಿಟ್ಟು ಬಂತು ಅಂದರೆ! ‘ಆ ಭಾರಾನೂ ನನ್ನ ತಲೆ ಮೇಲೇ ಹಾಕ್ತೀರಾ? ಒಂದು ಹೆಂಗಸನ್ನ ಬೀದಿಗೆ ತಳ್ಳಿ ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ? ನಿಮ್ಮ ದೇವರು ನಿಮಗೆ ಏನು ಹೇಳಿದಾನೋ ಮಾಡ್ಕೊಳ್ಳಿ. ನನ್ನ ಮನೆ ಬಾಗಿಲಿಗೆ ಮಾತ್ರ ಬರಬೇಡಿ.’

ನಿಮ್ಮ ದೇವರು ಅಂದರು. ಮೂವತ್ತು ವರ್ಷ ಒಂದೇ ಸಭೇಲಿ ಹಾಡಿದೀವಿ.

ದಾರೀಲಿ ಅತ್ತೆ. ಆಮೇಲೆ ಬಂದು ಕೋಣೆ ಗುಡಿಸಿದೆ.

ಅಮ್ಮ

*

ಏಪ್ರಿಲ್ 26

ಮಗನೇ,

ಅಕ್ಷರ ಬೇರೆ ಅಂತ ಗಾಬರಿ ಬೀಳಬೇಡ. ನನ್ನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದಾರೆ. ನಾನು ಹೇಳ್ತೀನಿ, ಅವಳು ಬರೀತಾಳೆ. ‘ಅವಳು’ ಅನ್ನೋ ಕಡೆ ಪೆನ್ನು ನಿಲ್ಲಿಸಿದಳು. ನಾನು ಹೇಳಿದ ಹಾಗೇ ಬರಿ ಅಂದಿದೀನಿ.

ಅವಳು ಬಂದು ಹದಿನೈದು ದಿನ ಆಯ್ತು. ಬಂದ ಮೂರನೇ ದಿನದಿಂದಲೇ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ತಗೊಂಡು ಹೋದರು. ಒಬ್ಬಾಕೆಯಂತೂ ಗುಂಡುಸೂಜಿ ಚುಚ್ಚಿದ್ದ ಕೋಟನ್ನ ಹಾಗೇ ಎತ್ಕೊಂಡು ಹೋದಳು. ಮನೆಗೆ ಹೋಗೋಷ್ಟರಲ್ಲಿ ಎಷ್ಟು ಕಡೆ ಚುಚ್ಚಿತೋ. ಸಭೆಯವರು ಕ್ವಾಯರಿನ ನಿಲುವಂಗಿಗಳನ್ನ ಕೇಳಿ ಕಳಿಸಿದರು. ಸ್ವಲ್ಪ ದಿನ ಮನೇಲೇ ಪ್ರಾರ್ಥನೆ ಮಾಡ್ಕೊಳ್ಳಿ ಅಂತ ಸಭಾಪಾಲಕರು ನಯವಾಗಿ ಹೇಳಿದರು. ಆಯ್ತು ಅಂದೆ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬೀದಿ ಆ ಕಡೆ ಜನ ಸೇರಿದರು, ಹದಿನೈದು ಇಪ್ಪತ್ತು ಮಂದಿ. ಅರ್ಧ ಜನ ನನಗೆ ಗೊತ್ತಿದ್ದವರೇ. ಆ ವ್ಯಾನಲ್ಲಿದ್ದ ಮಕ್ಕಳ ಅಪ್ಪ ಅಮ್ಮಂದಿರು. ಉಳಿದೋರು ಯಾರೋ, ಸುಮ್ಮನೆ ಜಗಳ ನೋಡೋಕೆ ಬಂದೋರು. ‘ಅವಳನ್ನ ಹೊರಗೆ ಕಳಿಸಿ’ ಅಂದರು. ಇವಳು ಹಿಂದಿನ ಕೋಣೆಯಿಂದ ಎದ್ದು ಬರ್ತಿದ್ದಳು. ನಾನು ಆ ಕೋಣೆಗೆ ಆಚೆಯಿಂದ ಚಿಲಕ ಹಾಕಿಬಿಟ್ಟೆ. ಕತ್ತಿನಲ್ಲಿ ಟೇಪು ನೇತಾಡ್ತಿತ್ತು, ಹಾಗೇ ಅಂಗಡಿ ಬಾಗಿಲಿಗೆ ಅಡ್ಡ ನಿಂತೆ. ಕಾಲು ಪೆಡಲ್ ತುಳಿಯೋ ಹಾಗೆ ತಾನಾಗೇ ಕುಣೀತಿತ್ತು. ‘ಅಳತೆ ಕೊಡೋರಿದ್ರೆ ಒಬ್ಬೊಬ್ಬರಾಗಿ ಬನ್ನಿ’ ಅಂದೆ. ಯಾಕೆ ಹಾಗಂದೆನೋ! ಒಬ್ಬ ನಕ್ಕ, ಇನ್ನೊಬ್ಬ ನನ್ನ ಬೋರ್ಡಿಗೆ ಒದ್ದ.

ಆಗ ಪ್ರಾರ್ಥನೆ ಮಾಡಿದೆ. ಮನಸ್ಸಲ್ಲೇ ಅಂತ ಅಂದ್ಕೊಂಡಿದ್ದೆ, ಜೋರಾಗಿಯೇ ಹೇಳ್ತಿದ್ದೆ ಅಂತ ಆಮೇಲೆ ಇವಳು ಹೇಳಿದಳು. ‘ಕರ್ತನೇ, ಇವರ ಸಿಟ್ಟು ಸುಳ್ಳಲ್ಲ. ಇವರ ಮಕ್ಕಳು ಆ ವ್ಯಾನಲ್ಲಿದ್ದರು. ನನಗೆ ತುಂಬ ಭಯ ಆಗ್ತಿದೆ. ನಾನು ಈ ಬಾಗಿಲಿಂದ ಸರಿಯದ ಹಾಗೆ ಹಿಡ್ಕೋ.’ ಕೆಲವರು ತಲೆ ತಗ್ಗಿಸಿದರು. ಒಬ್ಬ ಮುಂದೆ ಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದ. ಮೆಟ್ಟಿಲ ಮೇಲೆ ಬಿದ್ದೆ. ಮೂಳೆ ಮುರಿದ ಸದ್ದು ಬೀದಿಗೆಲ್ಲ ಕೇಳಿಸಿರಬೇಕು. ನೋಡ್ತಾ ನೋಡ್ತಾ ಬೀದಿ ಖಾಲಿ. ತಳ್ಳಿದವನೇ ಕಾರು ತಂದು ಆಸ್ಪತ್ರೆಗೆ ಕರ್ಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಮಾತಾಡಿದ: ‘ನನ್ನ ಮಗ ಈಗಲೂ ಕುಂಟ್ತಾನೆ.’ ಪೊಲೀಸಿನವರು ಕೇಳಿದಾಗ ಕಾಲು ಜಾರಿತು ಅನ್ನೋಕೆ ಹೋದೆ. ಅವನೇ, ‘ಇಲ್ಲ, ನಾನು ತಳ್ಳಿದೆ’ ಅಂದ.

ಆ ಗುಂಪಲ್ಲಿ ಟೀಚರಿಗೋಸ್ಕರ ಹುಡುಕಿದೆ. ಅವರಿರಲಿಲ್ಲ. ಇದ್ದಿದ್ದರೆ ಬಾಗಿಲು ಬಿಟ್ಟುಕೊಡ್ತಿದ್ದೆನೋ ಏನೋ.

ಅಮ್ಮ

ಅಯ್ಯನವರೇ, ಇದು ನಾನು ಬರೀತಿರೋದು. ಅಮ್ಮ ಮಾತ್ರೆ ತಗೊಂಡು ಮಲಗಿದಾರೆ. ಆವತ್ತಿನಿಂದ ಎರಡು ಸಲ ನನ್ನ ಬಟ್ಟೆ ಕಟ್ಟಿಕೊಂಡು ಹೊರಟೆ. ಎರಡು ಸಲವೂ ಅಮ್ಮ ಮುರಿದ ಕೈ ಇಟ್ಟುಕೊಂಡೇ ದಾರಿಗಡ್ಡ ಬಂದರು. ನೀವು ‘ಹೋಗು’ ಅಂತ ಒಂದು ಸಾಲು ಬರೆದು ಕಳಿಸಿ. ಅದನ್ನ ತೋರಿಸಿದರೆ ಅವರು ಬಿಡ್ತಾರೆ. ನಿಮ್ಮ ಮಾತು ಕೇಳ್ತಾರೆ. ಎಲ್ಲಿಗೆ ಹೋಗ್ತೀನಿ ಅಂತ ನೀವು ಯೋಚನೆ ಮಾಡಬೇಡಿ. ಕಾಗದ ನನ್ನ ಕೈಗೇ ಬರೋ ಹಾಗೆ ಅಂಗಡಿ ವಿಳಾಸಕ್ಕೆ ಹಾಕಿ.

*

ಮೇ 4

ಅಂಗಡಿಯ ಹಿಂದಿನ ಕೋಣೆಯಲ್ಲಿರುವ ತಂಗಿಗೆ,

ನೀವು ಕೇಳಿದ ಸಾಲನ್ನು ನಿಮ್ಮ ಪತ್ರ ಬಂದ ದಿನವೇ ಬರೆದೆ. ‘ನನ್ನ ತಾಯಿಯ ಒಳ್ಳೆಯದಕ್ಕಾಗಿ ದಯವಿಟ್ಟು ಹೋಗಿ.’ ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ಜೇಬಿನಲ್ಲಿಟ್ಟುಕೊಂಡು ಹೊರಟೆ. ಅಂಚೆಪೆಟ್ಟಿಗೆ ನಮ್ಮ ಮನೆಯಿಂದ ನೂರು ಹೆಜ್ಜೆ. ಆ ನೂರು ಹೆಜ್ಜೆ ನಡೆಯಲು ನಾಲ್ಕು ದಿನವಾದರೂ ಆಗಲಿಲ್ಲ.

ಮಾರ್ಚಿನಲ್ಲಿ ಅಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದ್ದಳು, ಜೈಲಿನಲ್ಲಿ ಮೊದಲ ಮಾತು ಹೇಗೆ ಶುರು ಮಾಡುತ್ತೀಯ ಅಂತ. ನಾನು ಉತ್ತರ ಕೊಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಅವಳಿಗೆ ಅರ್ಥವಾಗಿರಬೇಕು. ಆ ಪ್ರಸಂಗವನ್ನು ನಾನು ಫ್ಯಾನಿನ ಕೆಳಗೆ ಕೂತು ಬರೆದೆ. ಮೂರು ಊರುಗಳಲ್ಲಿ ಹೇಳಿದೆ. ಜನ ಕಣ್ಣೊರೆಸಿಕೊಂಡರು. ನಾನು ಒಂದು ಸಲವೂ ಯಾವ ಜೈಲಿನ ಒಳಗೂ ಕಾಲಿಟ್ಟವನಲ್ಲ.

ಗುರುವಾರ ಹೋದೆ. ನಮ್ಮೂರಿನ ಜೈಲು, ನಮ್ಮ ಸಭೆಯಿಂದ ಮೂರು ಬಸ್ ಸ್ಟಾಪ್ ಅಷ್ಟೇ. ಜಾಲರಿಯ ಆ ಕಡೆ ನನ್ನ ವಯಸ್ಸಿನವನೊಬ್ಬ ಬಂದು ಕೂತ. ಹನ್ನೆರಡು ವರ್ಷ ಪ್ರಸಂಗ ಮಾಡಿದ ಬಾಯಿಗೆ ಒಂದು ಮಾತು ಬರಲಿಲ್ಲ. ಹತ್ತು ನಿಮಿಷ ಆದ ಮೇಲೆ ಅವನೇ ಪಾಪ ಅನ್ನಿಸಿ, ‘ಹೊರಗೆ ಬಿಸಿಲು ಜೋರಾ?’ ಅಂತ ಕೇಳಿದ. ಹೌದು ಅಂದೆ. ಅಷ್ಟೇ ನಮ್ಮ ಮಾತುಕತೆ. ಬರೋ ಗುರುವಾರ ಬರ್ತೀರಾ ಅಂದ. ಬರ್ತೀನಿ ಅಂದಿದ್ದೇನೆ.

ಹೊರಗೆ ಬಂದು ಲಕೋಟೆ ಹರಿದು ಹಾಕಿದೆ. ಅದರಲ್ಲಿದ್ದ ಮಾತು ನಿಮಗೆ ಹೇಳಬೇಕಾಗಿರಲಿಲ್ಲ, ಹೇಳಿದ್ದೇನೆ. ಹೇಳದಿದ್ದರೆ ಮುಂದೆ ನಿಮ್ಮ ಮುಖ ನೋಡೋದು ಕಷ್ಟ.

ಹೋಗಬೇಡಿ. ನಮ್ಮ ಹಿರಿಯರು ಈ ಗಲಾಟೆಗೆ ಸಭೆಯ ಹೆಸರು ಎಳೆಯಬೇಡಿ ಅಂತ ಎಚ್ಚರಿಸಿದ್ದಾರೆ. ಎರಡು ವಾರ ರಜೆ ಬರೆದು ಕೊಟ್ಟು ಶನಿವಾರ ಬರುತ್ತಿದ್ದೇನೆ. ಸಭೆಯಲ್ಲಿ ಜಾಗವಿಲ್ಲದಿದ್ದರೆ ಭಾನುವಾರ ಮೂವರೂ ನಿಮ್ಮ ಕೋಣೆಯಲ್ಲೇ ಕೂತು ಪ್ರಾರ್ಥಿಸೋಣ. ಮಾತು ಎಲ್ಲಿಂದ ಶುರು ಮಾಡಬೇಕೋ ನನಗೆ ಇನ್ನೂ ಗೊತ್ತಿಲ್ಲ, ನೀವೇ ಸಹಿಸಿಕೊಳ್ಳಬೇಕು.

ಇದನ್ನು ಅಮ್ಮನಿಗೂ ಓದಿ ಹೇಳಿ. ಪೂರ್ತಿ.

ನಿಮ್ಮ ಅಣ್ಣನಂಥವನು

*

ಜೂನ್ 9

ಮಗನೇ,

ಪ್ಲಾಸ್ಟರ್ ಬಿಚ್ಚಿದರು. ಕೋಳಿ ಕೆದರಿದ ಹಾಗೆ ಬರೀತಿದೀನಿ, ಆದರೂ ಇದನ್ನ ನನ್ನ ಕೈಯಲ್ಲೇ ಬರೀಬೇಕು.

ನೀನು ಹೋದ ಮೇಲೆ ಮತ್ತೆ ಯಾರೂ ಗಲಾಟೆಗೆ ಬಂದಿಲ್ಲ, ಬಟ್ಟೆ ಕೊಡೋಕೂ ಬಂದಿಲ್ಲ. ಆ ಕುಂಟೋ ಹುಡುಗನ ಅಪ್ಪ ಮಾತ್ರ ಎರಡು ಪ್ಯಾಂಟು ತಂದುಕೊಟ್ಟ. ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಇಂಚು ಚಿಕ್ಕದು ಮಾಡಬೇಕು ಅಂದ. ಇವಳು ಒಳಗೆ ಕೂತು ಅದನ್ನ ಹೊಲಿದಳು. ಯಾರು ಹೊಲಿದದ್ದು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನೆ ನಾಲ್ಕು ಗಂಟೆ ಹೊತ್ತಿಗೆ ಟೀಚರು ಬಂದರು. ಏಪ್ರಿಲ್‌ನಿಂದ ಅವರು ಆ ಪಕ್ಕದ ಬೀದಿ ಸುತ್ತಿಕೊಂಡು ಪಾಠಕ್ಕೆ ಹೋಗ್ತಿದ್ದರು, ನನಗೆ ಗೊತ್ತು. ಹೊಸ್ತಿಲಲ್ಲಿ ನಿಂತು, ‘ಅವಳು ಇದಾಳಾ?’ ಅಂದರು. ಅಂಗಡೀಲಿ ನಾನೊಬ್ಬಳೇ. ಇಲ್ಲ ಅನ್ನಬಹುದಿತ್ತು. ‘ಇದಾಳೆ’ ಅಂದೆ. ಕೈಯಲ್ಲಿದ್ದ ದೊಡ್ಡ ಕತ್ತರೀನ ಮೆತ್ತಗೆ ಡ್ರಾಯರ್ ಒಳಗೆ ಹಾಕಿದೆ. ಟೀಚರ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ದೇವರು ನನ್ನನ್ನ ಕ್ಷಮಿಸಬೇಕು.

ಇವಳು ಹೊರಗೆ ಬಂದಳು. ಅವರು ಕೂರಲಿಲ್ಲ, ಇವಳೂ ಕೂರಲಿಲ್ಲ. ನಡುವೆ ಕಟಿಂಗ್ ಮೇಜು. ಟೀಚರು ಕೇಳಿದರು, ‘ಅವತ್ತು ನನ್ನ ಮಗಳು ಎಲ್ಲಿ ಕೂತಿದ್ದಳು?’

‘ನನ್ನ ಹಿಂದಿನ ಸೀಟು. ಕಿಟಕಿ ಪಕ್ಕ.’

‘ಕೋರ್ಟಲ್ಲಿ ಎಲ್ಲ ಹೇಳಿದರು. ಎಷ್ಟು ಸ್ಪೀಡು, ಎಷ್ಟು ಅಡಿ, ಎಷ್ಟು ಸೆಕೆಂಡ್ ಫೋನು. ಅವಳು ಏನು ಮಾಡ್ತಿದ್ದಳು ಅಂತ ಯಾರೂ ಹೇಳಲಿಲ್ಲ. ಏನು ಮಾಡ್ತಿದ್ದಳು?’

ನಾನು ಇವಳಿಗೆ ನೀರು ಕೊಡೋಕೆ ಎದ್ದೆ, ಟೀಚರು ಕೈ ಅಡ್ಡ ಹಿಡಿದರು. ಆಮೇಲೆ ಇವಳು ಮೆಲ್ಲಗೆ ಹೇಳಿದಳು. ‘ಶೂ ಬಿಚ್ಚಿ ಮಡಿಲಲ್ಲಿ ಇಟ್ಕೊಂಡಿದ್ದಳು. ಸಾಕ್ಸ್ ಒದ್ದೆ ಅಂತ. ನನ್ನ ಕಿವಿ ಹತ್ರ ಬಗ್ಗಿ, “ಅಮ್ಮಂಗೆ ಹೇಳಬೇಡಿ ಆಂಟಿ, ಇವತ್ತು ಸ್ಕೂಲಲ್ಲಿ ಹಾಡು ಹೇಳುವಾಗ ನಾನು ಸುಮ್ಮನೆ ಬಾಯಿ ಆಡಿಸಿದೆ” ಅಂದಳು. ನಕ್ಕಳು. ಆಗಲೇ ಫೋನ್ ಬಂತು. ನಾನು ತಗೋಬಾರದಿತ್ತು. ತಗೊಂಡೆ.’

ಟೀಚರು ಮೇಜಿನ ಅಂಚು ಹಿಡ್ಕೊಂಡರು. ಅವರ ಗಂಟಲಿಂದ ಒಂದು ಸದ್ದು ಬಂತು. ಅಳು ಅಂದುಕೊಂಡೆ, ನಗು ಅದು. ‘ಅವಳಿಗೆ ಹಾಡೋದು ಬೇಡವೇ ಬೇಡವಾಗಿತ್ತು ಅಕ್ಕ. ನಾನೇ ಬಿಡ್ತಿರಲಿಲ್ಲ’ ಅಂದರು. ಅಷ್ಟು ಹೊತ್ತಿಗೆ ಅದು ಅಳುವೇ ಆಗಿತ್ತು.

ನಾನು ಬೈಬಲಿನ ಒಂದು ವಚನ ಹೇಳಲಿಲ್ಲ, ಪ್ರಾರ್ಥನೆ ಮಾಡೋಣ ಅನ್ನಲಿಲ್ಲ. ಟೀಚರು ಮುಖ ಒರೆಸಿಕೊಂಡು ಇವಳ ಕಡೆ ನೇರ ನೋಡಿದರು. ‘ನಿನ್ನನ್ನ ಕ್ಷಮಿಸೋಕೆ ಅಂತ ಬಂದಿಲ್ಲ ನಾನು.’

‘ಗೊತ್ತು ಟೀಚರ್.’

ಹೊರಟರು. ಮೆಟ್ಟಿಲು ಇಳಿದವರು ಮತ್ತೆ ತಿರುಗಿ ನಿಂತರು. ‘ನಾಳೆ ನಾಲ್ಕಕ್ಕೆ ನನಗೆ ಪಾಠ ಇಲ್ಲ. ಮೂರು ವರ್ಷ ದಿನಾ ನಿನ್ನ ವ್ಯಾನಲ್ಲಿ ಬಂದಿದಾಳೆ ಅವಳು. ಮೂರು ವರ್ಷದ್ದೂ ನನಗೆ ಹೇಳಬೇಕು ನೀನು. ಒಂದೂ ಬಿಡಬಾರದು.’

ಇವಳು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆಯಿಂದ ನೆನಪು ಮಾಡಿಕೊಂಡು ಮಾಡಿಕೊಂಡು ಚೀಟಿ ಮೇಲೆ ಬರ್ಕೋತಿದಾಳೆ. ಈಗ ಗಂಟೆ ನಾಲ್ಕಾಗೋಕೆ ಹತ್ತು ನಿಮಿಷ ಇದೆ. ಬೀದಿ ತಿರುವಿನಲ್ಲಿ ಯಾರೋ ಬರ್ತಿದಾರೆ, ನಡಿಗೆ ಅವರದೇ. ಮೂರು ಕುರ್ಚಿ ಹಾಕಬೇಕು, ಬಿಡ್ತೀನಿ.

ಅಮ್ಮ